ಗುಂಡಿ ಅಕ್ಕನ ಎರಡು ಪೆಟ್ಟಿಗೆಗಳು

ಆಫೀಸಿನಲ್ಲಿ ಅವಳನ್ನು ಎಲ್ಲರೂ ಗುಂಡಿ ಅಕ್ಕ ಎಂದೇ ಕರೆಯುತ್ತಿದ್ದರು. ಆ್ಯಪ್‌ಗಳ ವಿನ್ಯಾಸ ಮಾಡುವ ಅವಳು ಪರದೆಯ ಮೇಲಿನ ಒಂದೊಂದು ಗುಂಡಿಗೂ ಜಗಳಕ್ಕೆ ನಿಲ್ಲುತ್ತಿದ್ದಳು. ಅಲ್ಲಿನ ತಂಡಗಳದ್ದೋ, ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ಪ್ರತಿ ತಂಡವೂ ಗುಂಡಿ, ಅಕ್ಷರ, ಬಣ್ಣಗಳನ್ನು ಮೊದಲಿನಿಂದ ಮಾಡಿಕೊಳ್ಳುತ್ತಿತ್ತು. ಐಫೋನಿಗೆ ಮಾಡಿದ್ದನ್ನೇ ಆಂಡ್ರಾಯ್ಡಿಗೂ ಅಂಟಿಸುತ್ತಿತ್ತು.

ಒಂದು ಭಾನುವಾರ ಅವಳ ಅತ್ತೆ ಅದೇ ಆಫೀಸಿನವರು ಮಾಡಿದ ಆ್ಯಪ್‌ನಲ್ಲಿ ಡಾಕ್ಟರ ಸಮಯ ಗೊತ್ತುಮಾಡಲು ಹೋಗಿ ತಡಕಾಡಿದರು.

"ನನ್ನ ಫೋನಲ್ಲಿ ಬೇರೆ ಎಲ್ಲದರಲ್ಲೂ ಕೈ ತಾನಾಗೇ ಹೋಗುತ್ತೆ. ನಿಮ್ಮದ್ರಲ್ಲಿ ಮಾತ್ರ ಯಾರದೋ ಅಡುಗೆಮನೇಲಿ ಉಪ್ಪು ಹುಡುಕಿದ ಹಾಗಾಗುತ್ತೆ ಕಣೆ," ಎಂದರು.

ಮಾತು ನಾಟಿತು. ಮರುದಿನವೇ ಅವಳು ಕಂಪ್ಯೂಟರಿನಲ್ಲಿ ಐಫೋನಿಗೊಂದು, ಆಂಡ್ರಾಯ್ಡಿಗೊಂದು ಎಂದು ಎರಡು ಪೆಟ್ಟಿಗೆಗಳ ಕೆಲಸ ಹಿಡಿದಳು. ಒಂದೊಂದು ಬಗೆಯ ಫೋನಿನ ರೂಢಿಗೆ ತಕ್ಕಂತೆ, ತಂಡಗಳು ಎತ್ತಿಕೊಂಡು ಜೋಡಿಸುವಂಥ ಸಿದ್ಧ ಗುಂಡಿ, ಪಟ್ಟಿ, ಪುಟಗಳು ಅವುಗಳಲ್ಲಿದ್ದವು.

"ಎರಡೆರಡು ಯಾಕಕ್ಕಾ? ಒಂದೇ ಮಾಡಿ ಕೈತೊಳ್ಕೊಳ್ಳಿ," ಎಂದ ಹಿರಿಯ ಪ್ರೋಗ್ರಾಮರ್.

"ಆಮೇಲೆ ಬಳಸೋರು ನಮ್ಮಿಂದಲೇ ಕೈತೊಳ್ಕೊಂಡು ಬಿಡ್ತಾರಪ್ಪ," ಎಂದಳು.

ವರ್ಷ ತುಂಬುವ ಹೊತ್ತಿಗೆ ಅದೇ ಪ್ರೋಗ್ರಾಮರ್ ಎರಡು ಕೈಯಲ್ಲಿ ಎರಡು ಫೋನು ಹಿಡಿದು, ತುಂಬಿದ ಸಭೆಯಲ್ಲಿ ಕೆಲವೇ ವಾರಗಳಲ್ಲಿ ಕಟ್ಟಿದ ಹೊಸ ಆ್ಯಪ್ ತೋರಿಸಿದ. ಎರಡರಲ್ಲೂ ಅದು ಆಯಾ ಫೋನಿನ ಜೊತೆಗೇ ಹುಟ್ಟಿದಂತಿತ್ತು.

"ಇಷ್ಟು ಬೇಗ ಹೇಗಾಯ್ತು?" ಮ್ಯಾನೇಜರ್ ಕೇಳಿದರು.

"ನಾವು ಜೋಡಿಸಿದ್ದಷ್ಟೇ ಸರ್. ಮಾಡಿಟ್ಟಿದ್ದು ಅಕ್ಕ," ಎಂದು ಅವಳತ್ತ ಕೈ ತೋರಿಸಿದ.

ಚಪ್ಪಾಳೆ ಬಿತ್ತು. ಸದಾ ವಾದಕ್ಕೆ ಸಿದ್ಧವಿದ್ದ ಅವಳು ಎದ್ದು ನಿಂತು, ಎದೆಯುಬ್ಬಿಸಿ, ಆ ಹೊಗಳಿಕೆಯನ್ನು ಸಂಕೋಚವಿಲ್ಲದೆ ಪೂರ್ತಿ ತನ್ನದಾಗಿಸಿಕೊಂಡಳು.