ಏಳೆಂದರೂ ಏಳದ ಏಳನೇ ನಂಬರು

ದೋನ್ ಎವಾರಿಸ್ತೋ ಕಿಸ್ಬೆರ್ತ್ ಅವರ ಎಡ ಮೊಣಕಾಲು ಕ್ಲಚ್ ತುಳಿದು ತುಳಿದು ಸವೆದುಹೋದ ವರ್ಷ ಅವರ ಬಸ್ಸು ಮಾರಾಟವಾಯಿತು. ಬಸ್ಸಿನ ನಂಬರು ಮಾತ್ರ ಆಗಲಿಲ್ಲ. ಲಾ ಪಾಸ್‌ನಿಂದ ಕೊರೋಯ್ಕೋಗೆ, ಒಂದು ಕಡೆ ಬಂಡೆ ಇನ್ನೊಂದು ಕಡೆ ಏನೂ ಇಲ್ಲದ ದಾರಿಯಲ್ಲಿ, ತಲೆ ಕಪ್ಪಗಿದ್ದಾಗಿನಿಂದ ಬೆಳ್ಳಗಾಗುವವರೆಗೆ ಅವರು ಓಡಿಸಿದ ಬಸ್ಸು ಅದು. ಕೊಳ್ಳುವವನು ಬರುವ ಮೊದಲೇ ಮುಂಭಾಗದಲ್ಲಿದ್ದ ತಗಡಿನ ‘ಏಳು’ ಎಂಬ ಅಂಕಿಯ ಸ್ಕ್ರೂ ಬಿಚ್ಚಿ, ಎತ್ತರದ ಚಳಿಯೂರು ಎಲ್ ಆಲ್ತೋದ ತಮ್ಮ ಮನೆಗೆ ತಂದು, ಕಂಪ್ಯೂಟರಿನ ಮೇಲಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು. ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಮೊಳೆಯ ತುದಿ ನನ್ನ ಅಡುಗೆಮನೆಯಲ್ಲಿ ಹೊರಬಂದಿದೆ. ಅದಕ್ಕೆ ನಾನು ಸೌಟು ತೂಗುಹಾಕಿದ್ದೇನೆ. ನೆರೆಹೊರೆ ಎಂದರೆ ಹೀಗೆ ಒಬ್ಬರಿಗೊಬ್ಬರು ಚುಚ್ಚಿಕೊಂಡೇ ಇರಬೇಕು.

ಕಂಪ್ಯೂಟರಿನ ಮೇಲೇ ಯಾಕೆ ಎಂದರೆ, ಬಸ್ಸು ಈಗ ಓಡುವುದು ಅದರೊಳಗೆ. ಬಸ್ ಓಡಿಸುವ ಆಟವೊಂದರಲ್ಲಿ ಯಾರೋ ಪುಣ್ಯಾತ್ಮರು ನಮ್ಮ ಕೊರೋಯ್ಕೋ ದಾರಿಯನ್ನು ಜಲಪಾತ, ಮಂಜು, ಕೆಸರು, ಕಣಿವೆಗೆ ಬಿದ್ದು ಸತ್ತವರ ನೆನಪಿಗೆ ತಿರುವಿಗೊಂದರಂತೆ ನೆಟ್ಟ ಶಿಲುಬೆಗಳ ಸಮೇತ ಕೆತ್ತಿ ಕೂರಿಸಿದ್ದಾರೆ. ಬೆನ್ನೋ, ಮಂಡಿಯೋ, ಕಣ್ಣೋ ಕೈಕೊಟ್ಟ ಹಳೆಯ ಚಾಲಕರೆಲ್ಲ ಅಲ್ಲಿ ಮತ್ತೆ ಸಂಘ ಕಟ್ಟಿಕೊಂಡಿದ್ದಾರೆ. ಭಾನುವಾರ ಊಟವಾದ ಮೇಲೆ ಅವರವರ ಮನೆಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ನಂಬರಿನ ಸರದಿಯಂತೆ ಹೊರಡುತ್ತಾರೆ. ಆಯುಷ್ಯವಿಡೀ ಸಂಘದ ನಿಯಮಗಳನ್ನು ಬೈದವರು ಇಲ್ಲಿ ಅವೇ ನಿಯಮಗಳನ್ನು ಒಂದು ಅಕ್ಷರ ಬಿಡದೆ ತಂದಿಟ್ಟುಕೊಂಡರು. ತಡವಾಗಿ ಬಂದರೆ ತಪ್ಪು. ಬೇಗ ಬಂದರೆ ಮುಂದಿನ ಬಸ್ಸಿನ ಪ್ರಯಾಣಿಕರನ್ನು ಕದ್ದಂತೆ, ಅದೂ ತಪ್ಪು. ಸತತ ಮೂರು ಭಾನುವಾರ ತಪ್ಪು ಮಾಡಿದವನ ನಂಬರು ಹೋಗುತ್ತದೆ, ಅವನು ಹಿಂದಿನ ಬಸ್ಸಿನ ಬಾಗಿಲಲ್ಲಿ ನೇತಾಡುತ್ತ “ಕೊರೋಯ್ಕೋ! ಕೊರೋಯ್ಕೋ! ಒಂದೇ ಸೀಟು!” ಎಂದು ಕೂಗುವವನಾಗುತ್ತಾನೆ.

ಏಳರ ಹಿಂದೆ ಎಂಟು. ಎಂಟನೇ ನಂಬರು ಸಂಘದ ಕಾರ್ಯದರ್ಶಿ ದೋನ್ ಪೊನ್ಸಿಯಾನೋ ಅವರದು. ದೋನ್ ಎವಾರಿಸ್ತೋಗೆ ಈತ ಹತ್ತಿರದ ಗೆಳೆಯ, ಮಗಳ ಜ್ಞಾನಸ್ನಾನಕ್ಕೆ ನಿಂತ ಜ್ಞಾನಪಿತ, ನಮ್ಮ ಮಾತಿನಲ್ಲಿ ‘ಕೊಂಪಾದ್ರೆ’, ಆದ್ದರಿಂದಲೇ ಆಜನ್ಮ ವೈರಿ.

ಕಾರ್ನಿವಲ್ ಮುಗಿದ ಮೊದಲ ಭಾನುವಾರ ಗೋಡೆಯಾಚೆಯಿಂದ ದೋನ್ ಪೊನ್ಸಿಯಾನೋ ದನಿ ನನ್ನ ಅಡುಗೆಮನೆಯವರೆಗೂ ಕೇಳಿಸಿತು. ದೋನ್ ಎವಾರಿಸ್ತೋಗೆ ಕಿವಿ ಸ್ವಲ್ಪ ಮಂದ. ಹೆಡ್‌ಫೋನ್ ಅನ್ನು ಪೂರಾ ಜೋರು ಮಾಡಿಟ್ಟುಕೊಳ್ಳುತ್ತಾರೆ.

“ಏಳು! ಏಳು! ಎಲ್ಲಿ ಸತ್ರಿ ಕೊಂಪಾದ್ರೆ?”

“ಬರ್ತಾ ಇದೀನಿ ಮಾರಾಯ. ಬಸ್ಸು ನಿಂತು ನಿಂತು ಹೋಗ್ತಿದೆ.”

“ಘಾಟ್ ಹತ್ತಿ ಆಯ್ತು, ಇನ್ನೆಲ್ಲಾ ಇಳಿಜಾರು. ಇಳಿಜಾರಲ್ಲಿ ಕಲ್ಲೂ ಉರುಳುತ್ತೆ! ನಿಮ್ಮ ಬಸ್ಸಿಗೇನು ಬೇರು ಬಂತಾ?”

ನಾನು ಹೋಗಿ ನೋಡಿದೆ. ಆಟ ಶುರುವಾದಾಗ ಎಲ್ಲ ಸರಿಯಾಗಿಯೇ ಇತ್ತಂತೆ. ಘಾಟಿನ ನೆತ್ತಿ ದಾಟಿದ ಮೇಲೆ ಪರದೆಯಲ್ಲಿನ ಬಸ್ಸು ಒಂದು ಹೆಜ್ಜೆ ಮುಂದಿಟ್ಟು ಫೋಟೋ ತೆಗೆಸಿಕೊಳ್ಳುವಂತೆ ನಿಲ್ಲುತ್ತಿತ್ತು, ಮತ್ತೆ ಒಂದು ಹೆಜ್ಜೆ. ಸ್ಟಿಯರಿಂಗ್ ತಿರುಗಿಸಿದರೆ ತಿರುವು ದಾಟಿದ ಮೇಲೆ ತಿರುಗುತ್ತಿತ್ತು. ಗತಿಯೇ ಇಲ್ಲದವನಿಗೆ ಸದ್ಗತಿ ಎಲ್ಲಿಂದ? ದೋನ್ ಎವಾರಿಸ್ತೋ ಕಣಿವೆಗೆ ಬೀಳದೆ ಊರು ಸೇರಿದ್ದೇ ಹೆಚ್ಚು. ಸೇರುವಾಗ ಪರದೆಯ ಕೊರೋಯ್ಕೋದಲ್ಲಿ ದೀಪ ಹತ್ತಿತ್ತು.

“ಗಾಡಿಗೆ ಚಳಿ ಹಿಡಿದಿದೆ,” ಎಂದರು ಅವರು ಹೆಂಡತಿಗೆ. “ಡೀಸೆಲ್ ಎಂಜಿನ್ ಹಿಮದಲ್ಲಿ ನಿಂತ್ರೆ ಹೀಗೇ ಮಾಡೋದು. ಬಸಿಲಿಯಾ, ಒಂದು ಕಂಬಳಿ ಕೊಡು.”

ದೋನ್ಯಾ ಬಸಿಲಿಯಾ ತಮ್ಮ ಬೆನ್ನಿನ ಮೇಲಿದ್ದ ಪಟ್ಟೆಪಟ್ಟೆ ಉಣ್ಣೆಯ ಹೊದಿಕೆಯನ್ನೇ ಬಿಚ್ಚಿ ಕೊಟ್ಟರು. ನಮ್ಮೂರಿನಲ್ಲಿ ಬಿಸಿಯಾಗುವುದು ಎಂಬುದು ಕಾಯಿಲೆಯಲ್ಲ, ಭಾಗ್ಯ. ಕಂಪ್ಯೂಟರನ್ನು ಕೂಸಿನಂತೆ ಸುತ್ತಿ, ಮೇಲೊಂದು ಗಂಟು ಹಾಕಿ, ಇಬ್ಬರೂ ತೃಪ್ತಿಯಿಂದ ನೋಡಿದರು. ಎರಡನೆಯ ಭಾನುವಾರ ಬಸ್ಸು ಘಾಟಿನ ನೆತ್ತಿಯನ್ನೇ ಮುಟ್ಟಲಿಲ್ಲ.

“ಕೊಂಪಾದ್ರೆ,” ಎಂದಿತು ಹೆಡ್‌ಫೋನು, ಈ ಸಲ ಬಲು ಮೃದುವಾಗಿ, “ಗಂಟಲು ಹೇಗಿದೆ? ಮುಂದಿನ ವಾರ ನನ್ನ ಬಾಗಿಲಲ್ಲಿ ನಿಂತು ಕೂಗೋಕೆ ಬೇಕಾಗುತ್ತಲ್ಲ, ಅದಕ್ಕೆ ಕೇಳ್ದೆ. ಬಿಸಿನೀರಿಗೆ ಜೇನು ಹಾಕ್ಕೊಂಡು ಕುಡೀರಿ.”

ದೋನ್ ಎವಾರಿಸ್ತೋ ಗೋಡೆಯ ಮೇಲಿನ ತಗಡಿನ ಅಂಕಿಯನ್ನು ಸುಮ್ಮನೆ ಒರೆಸಿದರು. ಆ ದಾರಿಯಲ್ಲಿ ಜನ ಅವರನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. ಮದುವೆಯಲ್ಲಿ, ಸಾವಿನ ಮನೆಯಲ್ಲಿ, ಕೋಳಿ ಸಾರಿನ ಹೋಟೆಲಿನಲ್ಲಿ ಅವರು ‘ಏಳು’. ಏಳು ಹೋದರೆ ಉಳಿಯುವುದು ಮಂಡಿನೋವು ಒಂದೇ.

ಮರುದಿನ ರಿಪೇರಿಯ ಲಿಂಬರ್ತ್ ಬಂದ. ಮೂಲೆಯಂಗಡಿಯಲ್ಲಿ ಮೊಬೈಲು, ಮಿಕ್ಸರು, ಕಂಪ್ಯೂಟರು ಎಲ್ಲಕ್ಕೂ ಒಂದೇ ಸ್ಕ್ರೂಡ್ರೈವರ್ ಬಳಸುವ ನಲವತ್ತು ದಾಟಿದ ಆಸಾಮಿ. ಕುರ್ಚಿ ಎಳೆದು ಕುಳಿತು ಅದೇನೇನೋ ಒತ್ತಿ ಗಂಭೀರವಾಗಿ ಹೇಳಿದ:

“ಡ್ರೈವರ್ ತುಂಬಾ ಹಳೇದಾಗಿದೆ ಮಾಯೆಸ್ತ್ರೋ. ತೆಗೆದುಹಾಕಿ ಹೊಸದು ಹಾಕ್ಬೇಕು.”

ದೋನ್ ಎವಾರಿಸ್ತೋ ಬೆನ್ನು ನೆಟ್ಟಗೆ ಮಾಡಿಕೊಂಡರು. ದೋನ್ಯಾ ಬಸಿಲಿಯಾ ಅಂಗೈಯಲ್ಲಿ ನಗು ಮುಚ್ಚಿಕೊಂಡು, “ನಾನೂ ಎಷ್ಟೋ ವರ್ಷದಿಂದ ಅದನ್ನೇ ಹೇಳ್ತಿದೀನಪ್ಪಾ, ಸಿಗಬೇಕಲ್ಲ,” ಎಂದರು.

ಅದು ಕಂಪ್ಯೂಟರಿನೊಳಗಿನ ಡ್ರೈವರು ಎಂದು ಬಿಡಿಸಿ ಹೇಳುವಷ್ಟರಲ್ಲಿ ಲಿಂಬರ್ತನ ಕಿವಿ ಕೆಂಪಾಗಿತ್ತು. ಹೊಸದನ್ನು ಹಾಕಿದ. ಬಸ್ಸು ಹಾಗೇ ಕುಂಟಿತು. ಹಿಂದೆ ಅವಿತು ನಡೆಯುತ್ತಿದ್ದ ಬೇರೆ ಕೆಲಸಗಳನ್ನೆಲ್ಲ ಮುಚ್ಚಿದ. ಕುಂಟಿತು. ಆಮೇಲೆ ಚಿತ್ರದ ಭಾರ ಇಳಿಸಲು ಹೊರಟ.

“ಮೊದಲು ನೆರಳು ತೆಗೀತೀನಿ.”

“ನೆರಳಿಲ್ಲದ ಬಸ್ಸಾ? ಆ ದಾರೀಲಿ ಅಂಥವು ಆಗ್ಲೇ ಬೇಕಾದಷ್ಟಿವೆ, ಬೇಡ ಬಿಡಪ್ಪ.”

ನಾನು ಓದಿದ ಸನ್ಯಾಸಿನಿಯರ ಶಾಲೆಯಲ್ಲೂ ನೆರಳಿಲ್ಲದವರ ವಿಷಯದಲ್ಲಿ ಇದೇ ಅಭಿಪ್ರಾಯವಿತ್ತು, ನಾನೂ ತಲೆಯಾಡಿಸಿದೆ.

“ಸರಿ, ಮಳೆ ತೆಗೀಲಾ? ಮರ?”

“ತೆಗಿ.”

“ಪ್ರಯಾಣಿಕರನ್ನ?”

ದೋನ್ ಎವಾರಿಸ್ತೋ ಕುರ್ಚಿಯಿಂದ ಎದ್ದೇಬಿಟ್ಟರು. “ಖಾಲಿ ಬಸ್ಸು ಓಡಿಸಿಕೊಂಡು ಕೊರೋಯ್ಕೋಗೆ ಹೋಗ್ಲಾ? ಆ ಹಿಂದಿನ ಸೀಟಿನ ಕೋಳಿಬುಟ್ಟಿ ಅಮ್ಮನ್ನ ನಡುದಾರೀಲಿ ಇಳಿಸ್ಲಾ? ಲಿಂಬರ್ತ್, ನಿನಗೆ ತಾಯಿ ಇದಾಳೆ ತಾನೆ?”

ಪ್ರಯಾಣಿಕರು ಉಳಿದರು. ಮರಗಳಿಲ್ಲದ ಬೋಳು ಬೆಟ್ಟದಲ್ಲಿ ಬಸ್ಸು ಮತ್ತೆ ಹೊರಟಿತು. ಚೆನ್ನಾಗಿಯೇ ಹತ್ತಿತು. ಲಿಂಬರ್ತ್ ಕೈ ಒರೆಸಿಕೊಂಡು ಎದ್ದ. ನೆತ್ತಿ ದಾಟುತ್ತಲೇ ಅದೇ ಕಥೆ: ಹೆಜ್ಜೆ, ಫೋಟೋ, ಹೆಜ್ಜೆ, ಫೋಟೋ. ಅವನು ಬೇಸತ್ತು ಕಂಬಳಿ ಸರಿಸಿ ಕಂಪ್ಯೂಟರಿನ ಬೆನ್ನಿಗೆ ಕೈಯೂರಿದವನು ಕಿಟಾರನೆ ಕಿರುಚಿದ.

“ಇದು ಕಂಪ್ಯೂಟರಾ ಒಲೆನಾ?”

“ಒಲೆನೇ ಅಂದ್ಕೋ,” ಎಂದರು ದೋನ್ಯಾ ಬಸಿಲಿಯಾ ಹೆಮ್ಮೆಯಿಂದ. ಅದರ ಹಿಂದೆ ಬಟ್ಟೆ ಮುಚ್ಚಿದ್ದ ಬೋಗುಣಿ ತೋರಿಸಿದರು. “ಬ್ರೆಡ್ಡಿನ ಹಿಟ್ಟು ಅಲ್ಲೇ ಇಡ್ತೀನಿ. ಕಾರ್ನಿವಲ್ ಆದ್ಮೇಲಂತೂ ಏನ್ ಉಬ್ಬುತ್ತೆ ಅಂತೀಯ! ಬೇಕಾದ್ರೆ ಪಕ್ಕದ ಮನೆಯವರನ್ನ ಕೇಳು.”

ನಾನು ಸಾಕ್ಷಿ ಹೇಳಿದೆ. ಆ ವಾರಗಳಲ್ಲಿ ಅಂಗಳದ ಗೋಡೆಯ ಮೇಲಿಂದ ಬಂದ ಬ್ರೆಡ್ಡು ಮೋಡದಂತಿತ್ತು.

“ಕಾರ್ನಿವಲ್ ಆದ್ಮೇಲೆ?” ಲಿಂಬರ್ತ್ ಬೆರಳು ಚೀಪುತ್ತ ಕೇಳಿದ. “ದೋನ್ಯಾ ಬಸಿಲಿಯಾ, ಕಾರ್ನಿವಲ್ ಮಂಗಳವಾರ ಇದಕ್ಕೂ ಚಲ್ಯ ಮಾಡಿದ್ರಾ?”

“ಮತ್ತೆ? ಫ್ರಿಜ್ಜಿಗೆ ಮಾಡಿ, ಹೊಲಿಗೆ ಮಿಷನ್ನಿಗೆ ಮಾಡಿ, ಇದಕ್ಕೆ ಬಿಡೋಕಾಗುತ್ತಾ? ಬೇಜಾರು ಮಾಡ್ಕೊಳಲ್ವಾ?”

ಚಲ್ಯ ಎಂದರೆ ಹೆಸರಿಗೆ ತಕ್ಕಂತೆ ಚೆಲ್ಲುವುದೇ. ಭೂತಾಯಿ ಪಾಚಮಾಮಾಗೆ ನೆಲದ ಮೇಲೆ ಬಿಯರು, ಅನ್ನ ಕೊಡುವ ವಸ್ತುವಿನ ಮೇಲೆ ಹೂವಿನ ಎಸಳು, ಬಣ್ಣದ ಕಾಗದದ ಚೂರು, ಸುರುಳಿ ಸುರುಳಿ ಪಟ್ಟಿ. ಅವತ್ತು ಮಧ್ಯಾಹ್ನ ದೋನ್ ಎವಾರಿಸ್ತೋ ಆಟ ನಿಲ್ಲಿಸಲು ಒಪ್ಪಿರಲಿಲ್ಲ. ಕಂಪ್ಯೂಟರು ಓಡುತ್ತಿದ್ದಾಗಲೇ ಬಸಿಲಿಯಾ ಎರಡೂ ಕೈಯಿಂದ ಎರಚಿ, ಮೇಲಷ್ಟು ಬಿಯರನ್ನೂ ಚಿಮುಕಿಸಿದ್ದರು. ಮೇಲೆ ಜಾಲರಿ; ಕೆಳಗೆ ಬಿರ್ರನೆ ತಿರುಗುವ ಫ್ಯಾನು.

ಲಿಂಬರ್ತ್ ಪಕ್ಕದ ಹಲಗೆ ಬಿಚ್ಚಿದ. ಒಳಗೆ ಇನ್ನೂ ಕಾರ್ನಿವಲ್ ನಡೆಯುತ್ತಿತ್ತು. ಫ್ಯಾನಿಗೆ ಹಳದಿ ಪಟ್ಟಿ ಸುತ್ತಿಕೊಂಡಿತ್ತು. ಅದರಡಿಯ ಲೋಹದ ರೆಕ್ಕೆಗಳ ಸಂದಿಗೊಂದಿಯಲ್ಲೆಲ್ಲ ಕೆಂಪು, ಹಸಿರು ಚೂರುಗಳು ಬಿಯರಿನ ಅಂಟಿನಲ್ಲಿ ಗಟ್ಟಿಯಾಗಿ ಕೂತಿದ್ದವು.

“ಮೊದಲೇ ನಮ್ಮೂರ ಗಾಳಿ ತೆಳು, ಇದ್ದದ್ದಕ್ಕೂ ದಾರಿ ಇಲ್ಲ,” ಎಂದ ಲಿಂಬರ್ತ್. “ಬಿಸಿ ತಡಿಲಾರದೆ ಅದೇ ತನ್ನ ವೇಗ ಇಳಿಸ್ಕೊಳ್ತಿದೆ, ಸುಟ್ಟುಹೋಗಬಾರದು ಅಂತ. ಮೇಲೆ ನೀವು ಕಂಬಳಿ ಬೇರೆ ಹೊದಿಸಿದೀರಿ.” ಬ್ರಷ್ ತೆಗೆದ.

“ಮುಟ್ಟಬೇಡ!” ದಂಪತಿ ಒಟ್ಟಿಗೆ ಕೂಗಿದರು.

ಲಿಂಬರ್ತ್ ಕೂಡಾ ಎಲ್ ಆಲ್ತೋದವನೇ. ಕೈ ಅಲ್ಲೇ ನಿಂತಿತು. ಇನ್ನೊಂದು ಕೈ ತಾನೇ ಶಿಲುಬೆಯ ಗುರುತು ಹಾಕಿಕೊಂಡಿತು. ಚಲ್ಯದ ಹೂವು, ಪಟ್ಟಿಗಳನ್ನು ನಾವು ಕೀಳುವುದಿಲ್ಲ. ಬಿಸಿಲಿಗೆ ಬಣ್ಣ ಹೋಗಿ, ಗಾಳಿಗೆ ತಾವಾಗಿ ಉದುರಬೇಕು.

“ಇದನ್ನ ತೆಗೀದಿದ್ರೆ ಭಾನುವಾರ ನಂಬರು ಹೋಗುತ್ತೆ ಮಾಯೆಸ್ತ್ರೋ,” ಎಂದ ಅವನು ಮೆಲ್ಲಗೆ.

ದೋನ್ ಎವಾರಿಸ್ತೋ ಬಗ್ಗಿ ಒಳಗಿನ ಹಬ್ಬವನ್ನು ನೋಡಿದರು. “ಹೋಗ್ಲಿ,” ಎಂದರು. “ಆ ದಾರೀಲಿ ಯಾರ್ಯಾರ ಶಿಲುಬೆ ಎಲ್ಲೆಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳ್ತೀನಿ. ನಂದು ಯಾಕಿಲ್ಲ? ನನ್ನ ಬಸ್ಸಿಗೆ ಕಟ್ಟಿದ ಪಟ್ಟೀನ ಒಂದು ಸಲಾನೂ ನಾನು ಕಿತ್ತವನಲ್ಲ. ಈಗ ಒಂದು ಆಟಕ್ಕೋಸ್ಕರ ಕೀಳ್ಲಾ? ಪೊನ್ಸಿಯಾನೋ ಬಾಗಿಲಲ್ಲಿ ನಿಂತು ಕೂಗ್ತೀನಿ ಬಿಡಿ. ಗಂಟಲಿದೆಯಲ್ಲ.”

ದೋನ್ಯಾ ಬಸಿಲಿಯಾ ತಲೆಯ ಗುಂಡು ಟೋಪಿ ಸರಿಮಾಡಿಕೊಂಡು, ಬಗ್ಗಿ, ಕಳ್ಳನ ಜೇಬು ತಡಕುವ ಪೊಲೀಸಿನಂತೆ ಒಳಗೆ ಇಣುಕಿದರು.

“ಮುದುಕಾ, ಒಂದು ಮಾತು. ಇದನ್ನ ನಾನು ಯಾರಿಗೆ ಕೊಟ್ಟಿದ್ದು?”

“ಪಾಚಮಾಮಾಗೆ.”

“ಅವಳಿಗೆ ತಲುಪ್ತಾ?”

ದೋನ್ಯಾ ಬಸಿಲಿಯಾ ಫ್ಯಾನಿನ ಹಳದಿ ಪಟ್ಟಿಗೆ ಬೆರಳು ತೋರಿಸಿದರು.

“ಎಲ್ಲಿ ತಲುಪ್ತು? ನಡುವೆ ಈ ಡಬ್ಬಿ ನುಂಗ್ಕೊಂಡು ಕೂತಿದೆ! ತಾಯಿ ಪಾಲು ತಿಂದಿದ್ದಕ್ಕೇ ಅದಕ್ಕೆ ಅಜೀರ್ಣ, ಮೈ ಬಿಸಿ. ಕೀಳೋದಲ್ಲ ಇದು. ಕಳ್ಳನ ಕೈಯಿಂದ ಕಸಿದು ಯಾರದ್ದೋ ಅವರಿಗೆ ಕೊಡೋದು. ಲಿಂಬರ್ತ್, ತೆಗಿ. ಒಂದು ಚೂರೂ ಕಸದ ಬುಟ್ಟಿಗೆ ಬೀಳಕೂಡದು.”

ಸನ್ಯಾಸಿನಿಯರು ನನಗೆ ಕಲಿಸಿದ ಧರ್ಮಶಾಸ್ತ್ರವೆಲ್ಲ ಸೇರಿದರೂ ಇಷ್ಟು ಚೊಕ್ಕ ತೀರ್ಪು ಕೊಡುತ್ತಿರಲಿಲ್ಲ.

ಕಂಬಳಿಯಾಗಿದ್ದ ಹೊದಿಕೆಯೇ ಈಗ ನೆಲದ ಮೇಲೆ ಹಾಸಿಗೆಯಾಯಿತು. ಲಿಂಬರ್ತ್ ಚಿಮಟದಿಂದ ಒಂದೊಂದೇ ಚೂರು ಎತ್ತಿ ಅದರ ಮೇಲಿಟ್ಟ. ರೆಕ್ಕೆಗಳನ್ನು ಮದ್ಯಸಾರದಿಂದ ಒರೆಸಿದ, ಫ್ಯಾನಿನಡಿಯಲ್ಲಿ ಬಿಸಿ ದಾಟಿಸಲೆಂದು ಹಚ್ಚಿದ್ದ ಹಳೆಯ ಮುಲಾಮು ಕೆರೆದು ಹೊಸದನ್ನು ಸವರಿದ. ಅಂಗಳದ ಮೂಲೆಯಲ್ಲಿ ದೋನ್ ಎವಾರಿಸ್ತೋ ಮಂಡಿ ಮಡಚಲಾಗದೆ ಕಾಲು ಚಾಚಿ ಕುಳಿತು ಗುಂಡಿ ತೋಡಿದರು. ಹೂವು ಕಾಗದ ಒಳಗೆ ಹೋದವು, ಮೇಲೆ ಹೊಸ ಬಿಯರು ಹೋಯಿತು. “ತಾಯಿ, ತಡವಾಯ್ತು,” ಎಂದರು ಅವರು. ತಡ ಅವರಿಗೆ ಈಚೆಗೆ ಅಭ್ಯಾಸವಾಗಿದ್ದರೂ ಕೇಳಿದ ಕ್ಷಮೆ ಮಾತ್ರ ನಿಜವಾದದ್ದು.

ಮೂರನೆಯ ಭಾನುವಾರ ನಾನು ಸೌಟು ಬಿಟ್ಟು ಅಲ್ಲೇ ಹೋಗಿ ಕುಳಿತೆ. ಮಳೆ, ಮರ ಎಲ್ಲ ಹಿಂದಿರುಗಿದ್ದವು. ಬಸ್ಸು ಘಾಟಿನ ನೆತ್ತಿ ದಾಟಿತು. ದೋನ್ ಎವಾರಿಸ್ತೋ ಉಸಿರು ಹಿಡಿದರು. ಬಸ್ಸು ಹಿಡಿಯಲಿಲ್ಲ, ಮಂಜಿನೊಳಗೆ ಹಾಲಿನಂತೆ ಇಳಿಯಿತು. ಎಷ್ಟು ಸಲೀಸಾಗಿ ಇಳಿಯಿತೆಂದರೆ ಕೊರೋಯ್ಕೋದ ಮುಂಚಿನ ಜಲಪಾತದ ಬಳಿ ಮುಂದಿನ ಬಸ್ಸಿನ ಹಿಂಭಾಗ ಕಾಣಿಸಿತು.

“ಬೇಗ ಬಂದ್ರೂ ತಪ್ಪು!” ಬಸಿಲಿಯಾ ಚೀರಿದರು. “ನಿಲ್ಸು ಮುದುಕಾ!”

ಅವರು ಬ್ರೇಕು ಹಾಕಿದರು. ಎರಡು ವಾರ ಬೇಡವೆಂದರೂ ನಿಂತ ಬಸ್ಸು ಈಗ ಅವರು ಹೇಳಿದಲ್ಲಿ ನಿಂತಿತು. ದೋನ್ ಎವಾರಿಸ್ತೋ ಕೈಕಟ್ಟಿಕೊಂಡು, ನೀರು ಬೀಳುವುದನ್ನು, ಬಂಡೆಯ ಮೇಲೆ ತಮ್ಮ ಬಸ್ಸಿನ ನೆರಳನ್ನು ನೋಡುತ್ತ, ಕೋಳಿಬುಟ್ಟಿಯ ಅಮ್ಮನ ಜೊತೆ ಆರಾಮವಾಗಿ ಕಾದರು. ಆಮೇಲೆ ಸರಿಯಾದ ಹೊತ್ತಿಗೆ ಊರು ಸೇರಿದರು. ಏಳು ಉಳಿಯಿತು.

ಎಂಟು ಮಾತ್ರ ಕಾಣಲಿಲ್ಲ.

“ಎಂಟು! ಎಂಟು! ಎಲ್ಲಿದೀರಿ ಕೊಂಪಾದ್ರೆ?”

“ಬರ್ತಿದೀನಿ, ಬರ್ತಿದೀನಿ,” ಹೆಡ್‌ಫೋನಿನಲ್ಲಿ ಏದುಸಿರು. “ಈ ದರಿದ್ರ ಬಸ್ಸು ನಿಂತು ನಿಂತು... ಇವತ್ತು ಚಳಿ ಜಾಸ್ತಿ ನೋಡಿ.”

ದೋನ್ ಎವಾರಿಸ್ತೋ ಹೆಂಡತಿಯ ಮುಖ ನೋಡಿದರು. ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡರು. ಅದು ಇಳಿಯಲು ಸ್ವಲ್ಪ ಸಮಯ ಹಿಡಿಯಿತು.

“ಕೊಂಪಾದ್ರೆ, ಒಂದು ಕೇಳ್ತೀನಿ. ನಿಮ್ಮನೆ ಬೆಕ್ಕು ಈಚೆಗೆ ಎಲ್ಲಿ ಮಲಗುತ್ತೆ?”

“ಬೆಕ್ಕಾ? ಕಂಪ್ಯೂಟರ್ ಮೇಲೆ. ಕಾರ್ನಿವಲ್ ಆದಾಗಿಂದ ಇಳಿಯೋದೇ ಇಲ್ಲ. ಯಾಕೆ?”

“ನಾಳೆ ಲಿಂಬರ್ತನ್ನ ಕಳಿಸ್ತೀನಿ. ಅಂಗಳದಲ್ಲಿ ಒಂದು ಗುಂಡಿ ತೋಡಿಟ್ಟಿರಿ.”

ಆ ಸಂಜೆ ಗೋಡೆಯ ಮೇಲಿಂದ ಬಂದ ಬ್ರೆಡ್ಡು ಮೇಲೆ ಬಸ್ಸು ಹರಿದಂತೆ ಚಪ್ಪಟೆಯಾಗಿತ್ತು. ಏಳು ಎದ್ದಿತ್ತು, ಹಿಟ್ಟು ಎದ್ದಿರಲಿಲ್ಲ. ನಾನು ಹಲ್ಲಿಗೆ ಕೆಲಸ ಕೊಡುತ್ತಿದ್ದಾಗ ಆಚೆಯಿಂದ ದೋನ್ಯಾ ಬಸಿಲಿಯಾ ಅವಸರ ಅವಸರವಾಗಿ ಹೇಳುವುದು ಕೇಳಿಸಿತು:

“ಮುದುಕಾ, ಲಿಂಬರ್ತನ್ನ ಮಧ್ಯಾಹ್ನದ ಮೇಲೆ ಹೋಗು ಅನ್ನು. ಬೆಳಿಗ್ಗೆನೇ ಹಿಟ್ಟಿನ ಬೋಗುಣಿ ಪೊನ್ಸಿಯಾನೋ ಮನೆಗೆ ಕಳಿಸ್ಬೇಕು. ಅವರದಿನ್ನೂ ಬಿಸಿಯಾಗಿದೆ!”