ಹನ್ನೊಂದನೆಯ ಭರವಸೆ

ಪಕ್ಷದ ಬಾವುಟ ಹೊಲಿಯುವ ಟೈಲರಮ್ಮ ಇಪ್ಪತ್ತೆರಡು ವರ್ಷದಿಂದ ಅದೇ ಪಕ್ಷದ ಸದಸ್ಯೆ. ಈ ಸಲದ ಚುನಾವಣೆಯ ಪ್ರಣಾಳಿಕೆ ಕೈಗೆ ಬಂದಾಗ ಹೊಲಿಗೆ ಯಂತ್ರ ನಿಲ್ಲಿಸಿ, ಕನ್ನಡಕ ಏರಿಸಿಕೊಂಡು ಓದಿದಳು. ಆಸ್ಪತ್ರೆ, ಕುಡಿಯುವ ನೀರು, ಶಾಲೆ ಎಲ್ಲಕ್ಕೂ ತಲೆದೂಗಿದಳು. ಹನ್ನೊಂದನೆಯ ಭರವಸೆಗೆ ಬಂದಾಗ ಮೈಯೆಲ್ಲ ಉರಿದುಹೋಯಿತು. ಮಾರುಕಟ್ಟೆ ರಸ್ತೆಯ ಫುಟ್‌ಪಾತಿನಿಂದ ವ್ಯಾಪಾರಿಗಳನ್ನೆಲ್ಲ ಎಬ್ಬಿಸುತ್ತಾರಂತೆ. ಗಂಡ ತೀರಿಕೊಂಡ ಮೇಲೆ ಅವಳು ಅದೇ ಫುಟ್‌ಪಾತಿನಲ್ಲಿ ಹದಿನಾಲ್ಕು ವರ್ಷ ಕೂತು, ಹರಿದ ಬಟ್ಟೆಗೆ ತೇಪೆ ಹಾಕಿ, ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ್ದಳು.

ಹಾಳೆ ಹಿಡಿದು ನೆಟ್ಟಗೆ ಪಕ್ಷದ ಕಚೇರಿಗೆ ಹೋದಳು. "ಇದನ್ನ ಬರೆದೋರು ಯಾರಪ್ಪ?" ಎಂದು ಕಾರ್ಯದರ್ಶಿಯನ್ನು ಕೇಳಿದಳು.

"ಮೇಲಿನೋರು ಅಕ್ಕ. ಒಂದು ಸಾಲಿಗೆ ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀರಿ?"

"ಆ ಸಾಲು ಎಷ್ಟು ಜನರ ಹೊಟ್ಟೆ ಮೇಲೆ ಹೊಡೆಯುತ್ತೆ ಗೊತ್ತಾ? ಅವರಲ್ಲಿ ಒಬ್ಬರನ್ನಾದ್ರೂ ಕೇಳಿದ್ರಾ?"

ಅವನು ಟೀ ಲೋಟದೊಳಗೆ ನೋಡಿದ. "ಹಾಗಾದ್ರೆ ಪಕ್ಷ ಬಿಡ್ತೀರಾ?"

"ನಾನ್ಯಾಕೆ ಬಿಡ್ಲಿ? ಉಳಿದ ಹತ್ತಕ್ಕೂ ನಾನೇ ಬೀದಿ ಬೀದಿ ಅಲೆದು ಮತ ಕೇಳ್ತೀನಿ."

ಹೇಳಿದಂತೆಯೇ ಮನೆ ಮನೆಗೆ ಹೋಗಿ ಹತ್ತು ಭರವಸೆ ಓದಿ ಮತ ಕೇಳಿದಳು. ಹನ್ನೊಂದನೆಯದು ಶುದ್ಧ ತಪ್ಪು, ನಾವು ಗೆದ್ದರೆ ನಾನೇ ಅಡ್ಡ ನಿಲ್ಲುತ್ತೇನೆ ಎಂದೂ ಎಲ್ಲರೆದುರು ಹೇಳಿದಳು. ನಾಲ್ಕನೆಯ ದಿನ ಅವಳನ್ನು ಪಕ್ಷದ ವಾರ್ಡ್ ಸಮಿತಿಯಿಂದ ಕಿತ್ತುಹಾಕಿದರು.

"ಇನ್ನಾದ್ರೂ ಮನೇಲಿರಮ್ಮ," ಎಂದಳು ದೊಡ್ಡ ಮಗಳು.

"ಸಮಿತಿಯಿಂದ ತೆಗೆದಿದ್ದಾರೆ, ಪಕ್ಷದಿಂದಲ್ಲ," ಎಂದು ಚಪ್ಪಲಿ ಮೆಟ್ಟಿಕೊಂಡು ಟೈಲರಮ್ಮ ಮುಂದಿನ ಬೀದಿಗೆ ಹೊರಟಳು.