ಸೆಕೆಂಡಿಗೆ ಐದು ಸಲ

೧೯೭೮ರಲ್ಲಿ, ಏಳನೇ ತರಗತಿಯ ಅರ್ಧದಲ್ಲಿ ನಾನು ಶಾಲೆ ಬಿಟ್ಟೆ. ಕರಣೆ ಹಿಡಿದೆ. ಯಾರ ಎದುರೂ ಕೈಚಾಚದೆ ಮೇಸ್ತ್ರಿ ಅನ್ನಿಸಿಕೊಂಡೆ. ಮೊನ್ನೆ ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ಜೇನು ಮಾರುತ್ತಿದ್ದರು. ಬಾಟಲಿಗಳ ಪಕ್ಕ ಮೇಣದ ಉಂಡೆಗಳಿದ್ದವು. ಒಂದನ್ನು ಮೂಸಿದ್ದೇ ತಡ, ಮೂಡುಬಿದಿರೆಯ ಮಾಸ್ಟ್ರು ನೆನಪಾದರು...

ತೊಂಬತ್ತಾರರ ಬೇಸಗೆ. ನೆರಿಯ ಊರಿನ ಹೊಳೆಗೆ ನಾನು ಕಾಲುಸಂಕ, ಅಂದರೆ ನಡೆದು ದಾಟುವ ಸೇತುವೆ, ಕಟ್ಟಿ ಎರಡು ತಿಂಗಳಾಗಿತ್ತು. ಎರಡೂ ದಡದಲ್ಲಿ ಕಲ್ಲಿನ ಕಟ್ಟೆ, ಅದರ ಮೇಲೆ ಕಬ್ಬಿಣದ ತೊಲೆ, ತೊಲೆಯ ಮೇಲೆ ಕಾಂಕ್ರೀಟು. ಸ್ವಂತ ಹೊಣೆಯಲ್ಲಿ ಮಾಡಿದ ನನ್ನ ಮೊದಲ ಸಂಕ. ಇಂಜಿನಿಯರಿಂಗ್ ಕಲಿಸುವ ಈ ಮಾಸ್ಟ್ರು ಪೆಟ್ಟಿಗೆ, ವಯರು ಹಿಡಿದು ಬಂದು, ಸಂಕ ಹೇಗೆ ನಡುಗುತ್ತದೆಂದು ಅಳೆಯಬೇಕು ಎಂದಾಗ ನನಗೆ ಸಂಶಯ ಹತ್ತಿತು. ಸರಿಯಿರುವ ಸಂಕವನ್ನು ಯಾರಾದರೂ ಅಳೆಯುತ್ತಾರೆಯೇ? ಈ ಕೆಲಸ ಸಿಗದ ಬೆಳ್ತಂಗಡಿಯ ಕಂತ್ರಾಟುದಾರನೇ ಕಳಿಸಿರಬೇಕು ಅಂದುಕೊಂಡೆ.

ಬೆಂಕಿಪೆಟ್ಟಿಗೆಗಿಂತ ಚಿಕ್ಕ ಲೋಹದ ಗುಂಡಿಗಳನ್ನು ಅವರು ಜೇನುಮೇಣದಿಂದ ಕಾಂಕ್ರೀಟಿಗೆ ಅಂಟಿಸಿದರು. ಮೇಣವೇ ಯಾಕೆ ಎಂದು ಕೇಳಿದೆ. ಸಣ್ಣ ನಡುಕವೂ ಗುಂಡಿಗೆ ಮುಟ್ಟುತ್ತದೆ, ಕಿತ್ತರೆ ಕಲೆ ಉಳಿಯುವುದಿಲ್ಲ ಎಂದರು. ಕಲೆ ಉಳಿಯದ ಕೆಲಸವೆಂದರೆ ನನಗೆ ಮೊದಲಿಂದಲೂ ಅನುಮಾನ. ನನ್ನನ್ನೇ ಸಂಕದ ನಡುವೆ ಒಮ್ಮೆ ಹಾರಿಸಿದರು. ಪೆಟ್ಟಿಗೆಯಿಂದ ಹೊರಬಂದ ಕಾಗದದ ಮೇಲೆ ಗೆರೆ ಅಲೆಅಲೆಯಾಗಿ ಓಡಿತು. ಅಲೆಗಳನ್ನು ಎಣಿಸಿ, ಸೆಕೆಂಡಿಗೆ ಐದು ಸಲ ಎಂದು ಕಿಸೆಯ ಪುಸ್ತಕದಲ್ಲಿ ಬರೆದುಕೊಂಡರು. ಸರಿಯಾದ ಅಳತೆ ನಾಳೆ ಎಂದು ಬಸ್ಸು ಹತ್ತಿದರು.

ನನ್ನ ಲೆಕ್ಕದಲ್ಲಿ ನಡುಗುವುದೆಂದರೆ ಸೋಲು. ಮರುದಿನ ಅವರ ಬಸ್ಸು ಬರುವ ಮೊದಲೇ, ತೊಲೆಯ ತುದಿಗೂ ಕಟ್ಟೆಗೂ ನಡುವೆ ಬಿಟ್ಟಿದ್ದ ಸಂದಿಗೆ ಎರಡೂ ದಡದಲ್ಲಿ ಮರದ ಬೆಣೆ ಬಡಿದೆ. ಮೇಲೆ ಮಣ್ಣು ಮೆತ್ತಿದೆ.

ಆ ದಿನ ಗೆರೆ ಬೇರೆಯೇ ಓಡಿತು. ಮಾಸ್ಟ್ರು ಮೂರು ಸಲ ಎಣಿಸಿದರು. ಸಂಕದ ಎರಡೂ ತುದಿಗೆ ನಡೆದು ಬಂದರು. ನನ್ನ ಕೈಯ ಮಣ್ಣು ನೋಡಿದರೋ ಏನೋ...

"ನಿನ್ನೆ ಐದು, ಇವತ್ತು ಆರೂವರೆ. ನೀವು ಏನಾದ್ರೂ ಮಾಡಿದ್ದುಂಟಾ ಮೇಸ್ತ್ರಿಗಳೇ?"

"ಸಂಕ ನಿನ್ನೆಯದ್ದೇ. ನಿಮ್ಮ ಮಿಷನ್ ನಿನ್ನೆ ಸುಳ್ಳು ಹೇಳಿರ್ಬೇಕು."

"ನಡುಗದ ವಸ್ತು ಯಾವುದೂ ಇಲ್ಲ ಮಾರಾಯ್ರೆ. ಬಿಗಿ ಇದ್ದಷ್ಟು ಬೇಗ ಬೇಗ ನಡುಗ್ತದೆ, ಸೋತರೆ ನಿಧಾನ. ಗಟ್ಟಿ ಇರುವಾಗ ಹೇಗೆ ನಡುಗ್ತದೆ ಅಂತ ಬರೆದಿಟ್ರೆ, ನಾಳೆ ಪೆಟ್ಟು ಬಿದ್ದಾಗ ಹೋಲಿಸ್ಲಿಕ್ಕೆ ಆಗ್ತದೆ. ಅಷ್ಟಕ್ಕೇ ಬಂದದ್ದು ನಾನು."

ಇಷ್ಟು ನಯವಾಗಿ ಕೇಳುವವರಲ್ಲೇ ಅಪಾಯ ಎಂದುಕೊಂಡು ನಾನು ಕೈಯ ಮಣ್ಣು ಒರೆಸಿಕೊಂಡೆ. ಅವರು ಕಿಸೆಯ ಪುಸ್ತಕ ತೆಗೆದರು.

"ಕಟ್ಟಿದವರು ನೀವು. ನಿಮ್ಮ ಮಾತು ನಂಬ್ತೇನೆ," ಎಂದು ಐದರ ಮೇಲೆ ಗೆರೆ ಎಳೆದರು.

ಆರೂವರೆ ಪಂಚಾಯತಿನ ಕಡತ ಸೇರಿತು. ಉಳಿದ ಮೇಣವನ್ನು ಉಂಡೆ ಮಾಡಿ ನನ್ನ ಕೈಗಿಟ್ಟು ಹೋದರು. ಬಸ್ಸು ಮರೆಯಾದ ಮೇಲೆ ಬೆಣೆ ಕಿತ್ತೆ. ಬಿಸಿಲಿಗೆ ಕಬ್ಬಿಣ ಹಿಗ್ಗಲು ಸಂದಿ ಬೇಕೆಂದು ಶಾಲೆ ಬಿಟ್ಟವನಿಗೂ ಗೊತ್ತು.

ಹನ್ನೊಂದು ವರ್ಷದ ಬಳಿಕ ನೆರೆಯಲ್ಲಿ ಬಂದ ಮರವೊಂದು ತೊಲೆಗೆ ಬಡಿಯಿತು. ನೀರು ಇಳಿದ ಮೇಲೆ ಹೊಸ ಇಂಜಿನಿಯರೊಬ್ಬರು ಬಂದು ಅಳೆದರು. ಐದು. ಕಡತದಲ್ಲಿ ಆರೂವರೆ. ಸಂಕ ಸೋತಿದೆ, ಕೆಡವಬೇಕು ಎಂದರು. ಅದು ಒಂದಿಷ್ಟೂ ಸೋತಿಲ್ಲವೆಂದು ತಿಳಿದವನು ನಾನೊಬ್ಬನೇ. ಪಂಚಾಯತಿಗೆ ಹೋಗಿ ಎಲ್ಲರೆದುರು ಬೆಣೆಯ ವಿಷಯ ಒಪ್ಪಿಕೊಂಡೆ.

"ಸಂಕ ಉಳಿಸ್ಲಿಕ್ಕೆ ಕತೆ ಒಳ್ಳೆದುಂಟು ಮೇಸ್ತ್ರಿ," ಎಂದು ಆ ಇಂಜಿನಿಯರು ನಕ್ಕರು. ಬೆಣೆ ಬಡಿದು ತೋರಿಸುತ್ತೇನೆಂದರೂ, ಪೆಟ್ಟು ಬಿದ್ದ ಸಂಕವನ್ನು ಇನ್ನು ಯಾರೂ ಮುಟ್ಟಬಾರದು ಎಂದರು.

ಮೊದಲ ದಿನದ ಐದು ಇದ್ದ ಮಾಸ್ಟ್ರ ಕಿಸೆಯ ಪುಸ್ತಕವಾದರೂ ಸಾಕ್ಷಿಯಾದೀತೆಂದು ಮೂಡುಬಿದಿರೆಗೆ ಹೋದೆ. ಮಾಸ್ಟ್ರು ತೀರಿಹೋಗಿ ಎರಡು ವರ್ಷವಾಗಿತ್ತು. ಅವರ ಕಾಗದಪತ್ರವೆಲ್ಲ ರದ್ದಿಗೆ ಹೋಯಿತೆಂದು ಮನೆಯವರು ಹೇಳಿ, ನನಗೆ ಚಾ ಕೊಟ್ಟರು. ಮುಂದಿನ ಬೇಸಗೆಯಲ್ಲಿ ಸಂಕ ಕೆಡವಿದರು. ತೊಲೆ ಬಿಚ್ಚಲು ಅವರಿಗೆ ನಾಲ್ಕು ದಿನ ಹಿಡಿಯಿತು.

ಮಾಸ್ಟ್ರಿಗೆ ಬೆಣೆ ಕಂಡಿತ್ತೇ? ಕಂಡೂ ನನ್ನ ಮರ್ಯಾದೆ ನೋಡಿ ಗೆರೆ ಎಳೆದರೇ? ಆ ಸಂಶಯ ಮಾತ್ರ ಇನ್ನೂ ಹೋಗಿಲ್ಲ...

ಈಗ ನನ್ನ ಬಳಿ ಒಂದು ಸ್ವಂತ ಮನೆ ಉಂಟು, ನಾಲ್ಕು ಕರಣೆ, ಒಂದು ರಸಮಟ್ಟ. ಮೇಣದ ಉಂಡೆ ಎರಡು: ಅವರು ಕೊಟ್ಟದ್ದಕ್ಕೆ ವಾಸನೆ ಹೋಗಿದೆ, ಇನ್ನೊಂದು ಮೊನ್ನೆಯದು. ಕಟ್ಟಿದ ಸಂಕ ಹದಿನಾಲ್ಕು, ಇರುವುದು ಹದಿಮೂರು.